ಹಿಂದಿನ ಕಂಬದ ಹಗ್ಗಗಳು

ಕಳೆದ ತಿಂಗಳು ಅವರು ತೀರಿಕೊಂಡರು. ಕ್ರಿಮಟೋರಿಯಂನ ಹಾಲ್‌ನಲ್ಲಿ ಇಪ್ಪತ್ತು ಜನ ಕೂತಿದ್ದೆವು. ಅವರ ಮಗಳು ಎದ್ದುನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದಳು. ಅಪ್ಪ ಹಳೇ ಹಾಯಿಹಡಗುಗಳ ತೈಲಚಿತ್ರಗಳನ್ನು ರಿಪೇರಿ ಮಾಡುತ್ತಿದ್ದರು, ಆ ಕೆಲಸದಲ್ಲಿ ಅವರಂಥವರು ಈ ಕಡೆ ಇನ್ನೊಬ್ಬರಿರಲಿಲ್ಲ, ಆದರೆ ಕೊನೆಗೆ ಕಣ್ಣು ಕೈಕೊಟ್ಟಿತು, ಒಂದು ದೊಡ್ಡ ಚಿತ್ರವನ್ನು ಕೆಡಿಸಿದರು, ಆಮೇಲೆ ಕುಂಚ ಮುಟ್ಟಲಿಲ್ಲ ಎಂದಳು. ಅಷ್ಟು ಹೇಳಿ ಕಣ್ಣೊರೆಸಿಕೊಂಡಳು. ನಾನು ಎರಡನೇ ಸಾಲಿನಲ್ಲಿ, ತೊಡೆಯ ಮೇಲೆ ಕೋಟು ಇಟ್ಟುಕೊಂಡು ಕೂತಿದ್ದೆ. ಆ ಚಿತ್ರ ಕೆಡಿಸಿದವಳು ನಾನು.

ಅವತ್ತೂ ಹೇಳಲಿಲ್ಲ. ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಅವಳ ಕೈ ಹಿಡಿದೆ, ಇಂಥಾ ಹೊತ್ತಿನಲ್ಲಿ ಇಲ್ಲಿ ಹೇಳುವ ಆ ಒಂದು ವಾಕ್ಯ ಹೇಳಿದೆ, ಪಾರ್ಕಿಂಗ್ ಲಾಟಿಗೆ ನಡೆದೆ. ಅವಳು ಹಿಂದೆಯೇ ಬಂದಳು. ಅಪ್ಪನ ಅಪಾರ್ಟ್‌ಮೆಂಟ್ ಖಾಲಿ ಮಾಡಬೇಕು, ಅವರ ಕೆಲಸದ ಸಾಮಾನಿನಲ್ಲಿ ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಸಾಡಬೇಕು ತಿಳಿಯುತ್ತಿಲ್ಲ, ಒಂದು ಭಾನುವಾರ ಬಂದು ನೋಡುತ್ತೀರಾ ಆಂಟಿ ಎಂದಳು. ಬರುತ್ತೇನೆ ಎಂದೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅವರ ಹೆಸರಿಗೆ ನಾನು ಮಾಡಿದ್ದೇ ಸಾಕು.

ನಮ್ಮ ವರ್ಕ್‌ಶಾಪ್ ಇರುವುದು ನ್ಯೂಅರ್ಕ್‌ನಲ್ಲಿ, ಹಳೇ ಕಾರ್ಖಾನೆಯೊಂದರ ಮೂರನೇ ಮಹಡಿ. ಲಿಫ್ಟು ಇದೆ, ಮನಸ್ಸು ಬಂದ ದಿನ ಓಡುತ್ತದೆ. ಮ್ಯಾನ್‌ಹಟನ್‌ನ ಬ್ಯಾಂಕು, ವಕೀಲರ ಆಫೀಸು, ಹಳೇ ಶ್ರೀಮಂತರ ಮನೆಗಳ ಗೋಡೆಯಿಂದ ಇಳಿಸಿದ ಚಿತ್ರಗಳು ಇಲ್ಲಿಗೆ ಬರುತ್ತವೆ. ಅದರಲ್ಲಿ ಅರ್ಧಕ್ಕರ್ಧ ಹಡಗುಗಳೇ. ನೂರೈವತ್ತು ವರ್ಷದ ಹಿಂದೆ ಸರಕು ಸಾಗಿಸುತ್ತಿದ್ದ ಭಾರೀ ಹಾಯಿಹಡಗುಗಳು, ಮೂರು ಮೂರು ಕಂಬ, ಕಂಬಕ್ಕೆ ಐದೈದು ಹಾಯಿ. ಕ್ಯಾಪ್ಟನ್‌ಗಳೂ ಮಾಲೀಕರೂ ತಮ್ಮ ಹಡಗಿನ ಚಿತ್ರ ಬರೆಸಿ ಮನೆಯಲ್ಲಿ ತೂಗುಹಾಕುತ್ತಿದ್ದರಂತೆ, ನಮ್ಮಲ್ಲಿ ಮದುವೆಯಾದ ಹೊಸದರಲ್ಲಿ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿದ ಹಾಗೆ. ಆಕಾಶ, ಸಮುದ್ರ ಹೇಗಿದ್ದರೂ ನಡೆಯುತ್ತಿತ್ತು. ಹಗ್ಗ ಮಾತ್ರ ಒಂದೂ ತಪ್ಪುವ ಹಾಗಿರಲಿಲ್ಲ, ಏಕೆಂದರೆ ಚಿತ್ರ ನೋಡುವವನು ಆ ಹಗ್ಗ ಹಿಡಿದೇ ಬದುಕಿದವನು.

ನಾನು ಮೈಸೂರಿನಲ್ಲಿ ಚಿತ್ರಕಲೆ ಓದಿದವಳು. ಗಂಡನ ಹಿಂದೆ ಎಡಿಸನ್‌ಗೆ ಬಂದು, ವೀಸಾ ಕಾರಣಕ್ಕೆ ಎಂಟು ವರ್ಷ ಮನೆಯಲ್ಲಿ ಕೂತು, ಗ್ರೀನ್ ಕಾರ್ಡ್ ಬಂದ ಮೇಲೆ ಸಿಕ್ಕಿದ ಮೊದಲ ಕೆಲಸ ಇದು. ಮೊದಲ ದಿನ ಕಿಟಕಿ ಪಕ್ಕದ ಮೇಜಿನಲ್ಲಿ ನಮ್ಮವರ ಮುಖ ಕಂಡಾಗ ಹಿರಿಹಿರಿ ಹಿಗ್ಗಿದೆ. ಹೋಗಿ ಕನ್ನಡದಲ್ಲೇ, ನಮಸ್ಕಾರ ಅಂಕಲ್ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಅಂಕಲ್ ಎಲ್ಲ ಬೇಡ. ನಾನು ನಿಮ್ಮ ಯಾವ ಬರ್ತ್‌ಡೇ ಪಾರ್ಟಿಗೂ ಬಂದವನಲ್ಲ."

ಹಾಗಾದರೆ ಏನಂತ ಕರೆಯಲಿ ಸರ್ ಎಂದು ಕೇಳಿದೆ. ಸರ್ ಆಗಬಹುದು ಎಂದು ಮತ್ತೆ ಬಗ್ಗಿಕೊಂಡರು. ಹಾಗೆ ಸರ್ ಆದರು. ಮಂಗಳೂರು ಹಳೇ ಬಂದರಿನವರು. ತಂದೆ ಮಂಜಿ ನಡೆಸುತ್ತಿದ್ದರಂತೆ, ಹಂಚು, ಅಕ್ಕಿ ಹೇರಿಕೊಂಡು ಲಕ್ಷದ್ವೀಪದವರೆಗೆ ಹೋಗುತ್ತಿದ್ದ ಹಾಯಿದೋಣಿ. ಇವರು ಚಿಕ್ಕಂದಿನಲ್ಲಿ ಹಾಯಿ ಹೊಲಿದವರು, ಆಮೇಲೆ ಕಬ್ಬಿಣದ ಹಡಗುಗಳಲ್ಲಿ ಖಲಾಸಿ. ಈ ನ್ಯೂಅರ್ಕ್ ಬಂದರಿನಲ್ಲೇ ಬಲಗೈ ಯಂತ್ರಕ್ಕೆ ಸಿಕ್ಕಿ, ಆಸ್ಪತ್ರೆ ಸೇರಿದಾಗ ಹಡಗು ಅವರನ್ನು ಬಿಟ್ಟು ಹೊರಟುಹೋಯಿತು. ನಡುವೆ ಏನೇನಾಯಿತೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಉಂಗುರ ಬೆರಳು, ಕಿರುಬೆರಳು ಮಡಚುತ್ತಿರಲಿಲ್ಲ. ಉಳಿದ ಮೂರು ಬೆರಳಲ್ಲಿ ಕುಂಚ ಹಿಡಿದು, ಕೈಯನ್ನು ಒಂದು ಕೋಲಿನ ಮೇಲೆ ಊರಿ, ಕೂದಲೆಳೆಯಂಥ ಹಗ್ಗವನ್ನು ಒಂದೇ ಉಸಿರಿಗೆ ಎಳೆಯುತ್ತಿದ್ದರು. ಎಳೆದು ಮುಗಿಯುವವರೆಗೆ ನಾವು ಯಾರೂ ಕೆಮ್ಮುವ ಹಾಗಿರಲಿಲ್ಲ.

ಯಾವ ಚಿತ್ರ ಬಂದರೂ ಅವರ ಮೊದಲ ಪ್ರಶ್ನೆ ಒಂದೇ, ಗಾಳಿ ಎಲ್ಲಿಂದ? ಹಾಯಿ ಉಬ್ಬಿದ ಕಡೆ ನೋಡಬೇಕು, ಬಾವುಟ ನೋಡಬೇಕು, ಅಲೆ ನೋಡಬೇಕು, ಮೂರೂ ಒಂದೇ ಮಾತು ಹೇಳಬೇಕು. ಹಿಂದೆ ಯಾರೋ ರಿಪೇರಿ ಮಾಡುವಾಗ ಬಾವುಟವನ್ನು ಎದುರುಗಾಳಿಗೆ ಹಾರಿಸಿದ್ದರೆ ಇವರಿಗೆ ಮೈಯೆಲ್ಲ ಉರಿ. ನಮ್ಮ ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನಲ್ಲಿ ಅಂಥದೊಂದು ಪ್ರಿಂಟ್ ಇತ್ತು. ನೋವಿನ ದವಡೆ ಹಿಡಿದುಕೊಂಡೇ ಹೋಗಿ ಡಾಕ್ಟರಿಗೆ ಹೇಳಿದರಂತೆ, ಇದು ಕೂಡಲೇ ಮುಳುಗುವ ಹಡಗು, ಪೇಷಂಟುಗಳ ಎದುರು ಇಡಬೇಡಿ ಎಂದು. ಒಂದು ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟದವರು ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ಇವರನ್ನು ಜಡ್ಜ್ ಮಾಡಿದರು. ಕರೆದುಕೊಂಡು ಹೋದವಳು ನಾನೇ, ಬುದ್ಧಿ ಇಲ್ಲದೆ. ಮಕ್ಕಳೆಲ್ಲ ದೇವಸ್ಥಾನ, ಹುಲಿ, ನವಿಲು ಬರೆದಿದ್ದರೆ ಇವರು ಒಬ್ಬೊಬ್ಬರನ್ನೂ ಗಾಳಿ ಎಲ್ಲಿಂದ ಎಂದು ಕೇಳುತ್ತಾ ಹೋದರು. ಆರು ವರ್ಷದ ಒಂದು ಹುಡುಗಿ ಮೇಲೆ ಕೈ ತೋರಿಸಿ, ಫ್ರಮ್ ದಿ ಎಸಿ ಎಂದಳು. ಮೊದಲ ಬಹುಮಾನ ಅವಳಿಗೇ ಹೋಯಿತು. ತಾಯಂದಿರು ನನ್ನನ್ನು ಬಹಳ ದಿನ ಮಾತಾಡಿಸಲಿಲ್ಲ.

ಹೊಗಳುವುದು ಅವರಿಗೆ ಗೊತ್ತೇ ಇರಲಿಲ್ಲ. ತುಂಬಾ ಚೆನ್ನಾಗಿದ್ದರೆ, ಇರಲಿ ಎನ್ನುತ್ತಿದ್ದರು. ಮಧ್ಯಾಹ್ನ ಜ್ಯಾಕ್ಸನ್ ಹೈಟ್ಸ್‌ನಿಂದ ತಂದ ಒಣ ಸಿಗಡಿಯ ಚಟ್ನಿ ಡಬ್ಬಿ ತೆರೆದರೆ ಇಡೀ ಮಹಡಿ ಕಿಟಕಿ ತೆರೆಯುತ್ತಿತ್ತು. ಸಂಜೆ ತಮ್ಮ ಹಳೇ ಕಾರಿನಲ್ಲಿ ನನ್ನನ್ನು ಸ್ಟೇಷನ್‌ವರೆಗೆ ಬಿಡುತ್ತಿದ್ದರು, ಕೇಳದೆಯೇ. ಜಿಪಿಎಸ್ ಹಾಕಿದವರಲ್ಲ. ಟ್ರಕ್ಕುಗಳ ನಡುವೆ ಆ ಕಾರನ್ನು ನಯವಾಗಿ ತೂರಿಸುತ್ತಿದ್ದರು, ಜೀವನದಲ್ಲಿ ಅವರು ತೋರಿಸಿಕೊಂಡ ಒಂದೇ ಜಂಬ ಅದು. ಭಾನುವಾರ ಬೆಳಿಗ್ಗೆ ಒಬ್ಬರೇ ಬೇಯೋನ್‌ನ ನೀರಿನಂಚಿಗೆ ಹೋಗಿ, ಕಾರಿನಲ್ಲಿ ಕೂತು, ಕಂಟೇನರ್ ಹಡಗುಗಳು ಬರುವುದನ್ನು ನೋಡುತ್ತಿದ್ದರಂತೆ. ಪೆಟ್ಟಿಗೆ ಹೊರುವ ಕತ್ತೆಗಳು ಎಂದು ಅವುಗಳನ್ನು ಬೈಯುತ್ತಿದ್ದರು, ಆದರೆ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ.

ಇನ್ನು ನನ್ನ ವಿಷಯ. ಚಿತ್ರದ ಮೇಲಿನ ಕೊಳೆ ತೆಗೆಯುವುದಕ್ಕೆ ಬಾಟಲಿಗಳಲ್ಲಿ ಹತ್ತೆಂಟು ದ್ರಾವಣ ಇರುತ್ತವೆ. ಆದರೆ ಎಲ್ಲಕ್ಕಿಂತ ಮೆತ್ತಗೆ ಕೆಲಸ ಮಾಡುವುದು ಮನುಷ್ಯನ ಜೊಲ್ಲು. ತಮಾಷೆಯಲ್ಲ, ನಮ್ಮ ಕಸುಬಿನವರು ಎಲ್ಲ ಕಡೆ ಮಾಡುವುದು ಹಾಗೆಯೇ. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಚಿತ್ರದ ಮೇಲೆ ಉರುಳಿಸುವುದು. ಸರ್ ಅದನ್ನು ಬಾಯಿ ನೀರು ಎನ್ನುತ್ತಿದ್ದರು. ಹಗ್ಗ ಇರುವ ಕಡೆ ಬಾಯಿ ನೀರೇ, ಬಾಟಲಿ ಮುಟ್ಟಬಾರದು ಎಂದು ಮೊದಲ ವಾರವೇ ಹೇಳಿದ್ದರು. ಚಿತ್ರ ಬರೆದವನು ಹಗ್ಗವನ್ನು ಎಲ್ಲ ಮುಗಿದ ಮೇಲೆ ಮೇಲುಮೇಲೆ ಎಳೆದಿರುತ್ತಾನೆ, ದ್ರಾವಣ ತಾಗಿದರೆ ಮೊದಲು ಹೋಗುವುದು ಅದೇ.

ನಾನು ಬೆಳೆದ ಮನೆಯಲ್ಲಿ ಕುಡಿಯುವ ಲೋಟ ತುಟಿಗೆ ತಾಗುವ ಹಾಗಿರಲಿಲ್ಲ. ಸಾರಿನ ಉಪ್ಪು ನೋಡಲು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೂ ಹೋಗಿ ಕೈ ತೊಳೆದು ಬರಬೇಕು. ಅಂಥವಳು ದಿನಕ್ಕೆ ಇನ್ನೂರು ಸಲ ಎಂಜಲು ಹಚ್ಚಬೇಕು, ಅದೂ ಯಾರದೋ ಮುತ್ತಜ್ಜನ ಹಡಗಿಗೆ. ನನ್ನಿಂದ ಆಗಲಿಲ್ಲ. ಬಿಟ್ಟುಬಂದೆ ಅಂದುಕೊಂಡದ್ದೆಲ್ಲ ಇಂಥ ಕಡೆ ಎದ್ದು ಕೂರುತ್ತದೆ. ಹತ್ತಿಯನ್ನು ಬಾಯಿಯ ಹತ್ತಿರ ಒಯ್ದ ಹಾಗೆ ಮಾಡಿ, ಮಡಿಲಲ್ಲಿಟ್ಟುಕೊಂಡ ಪುಟ್ಟ ಬಟ್ಟಲಿನ ನೀರಿನಲ್ಲಿ ಅದ್ದುತ್ತಿದ್ದೆ. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ನೀರಿಗೂ ಒಂದಿಷ್ಟು ಕೊಳೆ ಬರುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಆ ವರ್ಷ ಜನವರಿಯಲ್ಲಿ ನನ್ನ ಗಂಡನ ಕೆಲಸ ಹೋಯಿತು. ಫೆಬ್ರವರಿಯಲ್ಲಿ ಎದೆನೋವು ಬಂದು ಮ್ಯಾನ್‌ಹಟನ್‌ನ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ಮನೆಗೆಲ್ಲ ಇದ್ದದ್ದು ನನ್ನ ಕೆಲಸದ ಇನ್ಶೂರೆನ್ಸ್ ಒಂದೇ. ಮಾರ್ಚಿನಲ್ಲಿ ಆ ಹಡಗು ಬಂತು. ಮ್ಯಾನ್‌ಹಟನ್‌ನ ಒಬ್ಬ ವೃದ್ಧೆಯದು, ಆಕೆಯ ಮುತ್ತಜ್ಜ ಅದರ ಕ್ಯಾಪ್ಟನ್. ಬೆಂಕಿಗೂಡಿನ ಮೇಲೆ ನೂರು ವರ್ಷ ನೇತಾಡಿದ ಚಿತ್ರ, ಹೊಗೆ ಹತ್ತಿ ಹಿಂದಿನ ಕಂಬದ ಸುತ್ತ ಕಪ್ಪೋ ಕಪ್ಪು. ನೀರಿಗೆ ಜಗ್ಗಲಿಲ್ಲ. ಮೂರು ಗಂಟೆ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು, ಐದರ ಟ್ರೈನು ಹಿಡಿದರೆ ಫಾರ್ಮಸಿ ಮುಚ್ಚುವುದರೊಳಗೆ ಎಡಿಸನ್ ಸೇರಬಹುದಿತ್ತು. ಬಾಟಲಿ ತೆಗೆದುಕೊಂಡೆ. ಹತ್ತಿ ಕಪ್ಪಾಗಿ ಬಂತು. ಕೊಳೆ ಬರುತ್ತಿದೆ ಎಂದು ಖುಷಿಪಟ್ಟೆ, ಇನ್ನೊಂದು ಹತ್ತಿ, ಮತ್ತೊಂದು ಹತ್ತಿ. ಎದ್ದು ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಹಿಂದಿನ ಕಂಬದಲ್ಲಿ ಹಗ್ಗವೇ ಇಲ್ಲ. ಹಾಯಿಗಳು ಯಾವುದಕ್ಕೂ ಕಟ್ಟದೆ ಸುಮ್ಮನೆ ಗಾಳಿಯಲ್ಲಿ ನಿಂತಿದ್ದವು. ನಾನು ಒರೆಸಿ ಒರೆಸಿ ಬುಟ್ಟಿಗೆ ಎಸೆದದ್ದು ಹಗ್ಗಗಳನ್ನು.

ಸರ್ ಬಂದು ಕೈ ಹಿಂದೆ ಕಟ್ಟಿ ನಿಂತರು. ಅವತ್ತು ಗಾಳಿಯ ಪ್ರಶ್ನೆ ಕೇಳಲಿಲ್ಲ. ಯಾವುದರಲ್ಲಿ ಒರೆಸಿದ್ದು ಎಂದರು. ನಾನು ಬಾಟಲಿ ತೋರಿಸಿದೆ. ಬಟ್ಟಲನ್ನೂ ತೋರಿಸಿದೆ, ಎರಡು ವರ್ಷದ ಕಥೆಯೆಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಸ್ಟೂಲು ಎಳೆದುಕೊಂಡು ಕೂತು, ಮಡಚದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ತಿಕ್ಕಿಕೊಂಡರು. ಆಮೇಲೆ ಗಂಡ ಹೇಗಿದ್ದಾರೆಂದು ವಿಚಾರಿಸಿದರು. ಇನ್ನೊಂದು ಟೆಸ್ಟ್ ಇದೆ ಸರ್ ಎಂದೆ.

"ನನಗೆ ಮೆಡಿಕೇರ್ ಉಂಟು," ಎಂದರು. ಅರವತ್ತೈದು ದಾಟಿದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್ ಅದು. "ನಿಮಗೆ ಎಂತ ಉಂಟು?"

ಪ್ರತಿ ಚಿತ್ರಕ್ಕೂ ಒಂದು ಹಾಳೆ ಇರುತ್ತದೆ, ಯಾವ ಭಾಗವನ್ನು ಯಾರು ಮುಟ್ಟಿದರು ಎಂದು ಬರೆಯಬೇಕು. ಅವರು ಆ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಕ್ಲೀನಿಂಗ್ ಎನ್ನುವ ಕಡೆ ತಮ್ಮ ಹೆಸರಿನ ಎರಡು ಅಕ್ಷರ ಹಾಕಿದರು. ಬೇಡ ಸರ್ ಎನ್ನಲಿಲ್ಲ ನಾನು. ಅನ್ನಬೇಕಿತ್ತು. ಬಾಯಿವರೆಗೆ ಬಂತು, ಇನ್ಶೂರೆನ್ಸ್ ಕಾರ್ಡು ಕಣ್ಣಮುಂದೆ ಬಂತು, ನುಂಗಿಕೊಂಡೆ. ಅವರು ಎದ್ದು ವರ್ಕ್‌ಶಾಪಿನ ಯಜಮಾನಿಯ ರೂಮಿಗೆ ಹೋಗಿ, ಕಣ್ಣು ಮಂಜಾಗಿದೆ, ತಪ್ಪಾಯಿತು ಎಂದು ಹೇಳಿ ಬಂದರು. ಆಕೆ ಕೂಗಾಡಲಿಲ್ಲ, ಒಳ್ಳೆಯವಳು. ಕೆಲಸಕ್ಕೆ ಮುಂಚೆ ತೆಗೆದ ಫೋಟೋ ಇತ್ತು. ಚಿತ್ರದ ಒಡತಿಗೆ ಫೋನ್ ಮಾಡಿ ಒಪ್ಪಿಸಿದ್ದಾಯಿತು. ಕಣ್ಣು ಮಂಜಾದವರೇ ಫೋಟೋ ನೋಡಿಕೊಂಡು, ಹದಿನೈದು ದಿನ ಕೂತು, ಹಿಂದಿನ ಕಂಬದ ಹಗ್ಗಗಳನ್ನೆಲ್ಲ ಮತ್ತೆ ಎಳೆದರು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ನನಗೆ ಹಾಕಿದ ಷರತ್ತು ಒಂದೇ. ದಿನಾ ಊಟದ ಹೊತ್ತಿನಲ್ಲಿ ಹಗ್ಗ ಬರೆಯುವುದು ಕಲಿಯಬೇಕು. ಯಾವ ಹಗ್ಗ ಕಂಬವನ್ನು ಹಿಡಿಯುತ್ತದೆ, ಯಾವುದು ಹಾಯಿಯನ್ನು ಎತ್ತುತ್ತದೆ, ಯಾವುದು ತಿರುಗಿಸುತ್ತದೆ. ಚಪಾತಿ ಸುರುಳಿ ಎಡಗೈಯಲ್ಲಿ, ಪೆನ್ನು ಬಲಗೈಯಲ್ಲಿ. ನನ್ನ ಗೆರೆಗಳು ನಡುಗುತ್ತಿದ್ದವು. ಅವರು ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಯಾವುದೇ ಹಾಳೆ ತೆಗೆದರೂ ಮೇಲೆ ಶ್ರೀ ಎಂದು ಬರೆಯುವುದು ನನ್ನ ಅಭ್ಯಾಸ, ಅಂಗಡಿ ಚೀಟಿಗೂ ಬರೆಯುತ್ತೇನೆ. ಅದನ್ನು ನೋಡಿ, ಹಡಗಿಗೆ ಪೂಜೆ ಉಂಟಾ ಎಂದು ಕೇಳುತ್ತಿದ್ದರು. ಆರು ವಾರ ಕಳೆದ ಮೇಲೆ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇರಲಿ ಎಂದರು. ಇವತ್ತು ಆ ವರ್ಕ್‌ಶಾಪಿನಲ್ಲಿ ಹಗ್ಗದ ಕೆಲಸವೆಲ್ಲ ನನ್ನದೇ. ಹೊರಗಿನವರು ನನ್ನನ್ನು ಕೇಳಿಕೊಂಡು ಬರುತ್ತಾರೆ.

ಅವರಿಗೆ ಮಾತ್ರ ಆಮೇಲೆ ಚಿತ್ರಗಳು ಬರುವುದು ನಿಂತಿತು. ಮೊದಲು ಫ್ರೇಮ್ ಕೆಲಸ, ಆಮೇಲೆ ಪ್ಯಾಕಿಂಗ್, ವರ್ಷದ ಕೊನೆಗೆ ಬೀಳ್ಕೊಡುಗೆಯ ಕೇಕು. ಕೇಕಿನ ಮೇಲೆ ಸಕ್ಕರೆಯ ಹಡಗು, ಅದರ ಬಾವುಟ ಹಾಯಿಗೆ ವಿರುದ್ಧವಾಗಿ ಹಾರುತ್ತಿತ್ತು. ಅವರು ಆ ತುಂಡನ್ನೇ ಕೇಳಿ ಹಾಕಿಸಿಕೊಂಡು ಮೊದಲು ಬಾವುಟ ತಿಂದರು. ಮಗಳು ಬಂದಿದ್ದಳು. ಯಜಮಾನಿ ಅವಳನ್ನು ಪಕ್ಕಕ್ಕೆ ಕರೆದು, ಅಪ್ಪನ ಕಣ್ಣು ನೋಡಿಕೋ ಎಂದು ಮೆಲ್ಲಗೆ ಹೇಳಿದ್ದನ್ನು ನಾನು ಪೇಪರ್ ಪ್ಲೇಟು ಹಿಡಿದು ಕೇಳಿಸಿಕೊಂಡೆ.

ಆಮೇಲೆ ಭಾನುವಾರಗಳಲ್ಲಿ ಸರ್ ಫೋನ್ ಮಾಡುತ್ತಿದ್ದರು. ಗಂಡನ ಆರೋಗ್ಯ, ವರ್ಕ್‌ಶಾಪಿಗೆ ಬಂದ ಹೊಸ ಹಡಗು, ಗಾಳಿ. ಈಚೆಗೆ ನೀರಿನ ಕಡೆ ಹೋಗಿದ್ದಿರಾ ಎಂದು ಒಮ್ಮೆ ಕೇಳಿದ್ದಕ್ಕೆ, ಕಾರು ಈಗ ಮಗಳ ಹತ್ತಿರ ಉಂಟು ಎಂದರು. ಅವಳಿಗೆ ಬೇಕಾಗಿರಬಹುದು ಎಂದುಕೊಂಡೆ. ಬರುಬರುತ್ತಾ ಅವರ ಫೋನ್ ಎತ್ತುವುದೇ ನನಗೆ ಭಾರವಾಯಿತು. ವಾಯ್ಸ್‌ಮೇಲ್‌ಗೆ ಬಿಟ್ಟು, ಮಾರನೇ ದಿನ ಟರ್ನ್‌ಪೈಕ್‌ನಲ್ಲಿ ಟ್ರಾಫಿಕ್ ಇತ್ತು ಎಂದು ಮೆಸೇಜ್ ಹಾಕುತ್ತಿದ್ದೆ. ಅವರು ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ, ಅದೇ ನನಗೆ ಇನ್ನಷ್ಟು ಸುಸ್ತು.

ಇವತ್ತು ಬೆಳಿಗ್ಗೆ ಬೇಯೋನ್‌ನಲ್ಲಿರುವ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಎರಡು ಕೋಣೆಯ ಮನೆ, ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. ಹಡಗಿನ ಒಂದು ಚಿತ್ರವೂ ಇರಲಿಲ್ಲ. ಕುಂಚಗಳು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಹಾಗೇ ಇದ್ದವು. ಕೈ ಊರುವ ಕೋಲು ಬೀರುವಿನ ಹಿಂದೆ ನಿಂತಿತ್ತು. ಇಟ್ಟುಕೊಳ್ಳುವಂಥದ್ದು, ಬಿಸಾಡುವಂಥದ್ದು ಎಂದು ನಾನು ವಿಂಗಡಿಸುತ್ತಿದ್ದಾಗ ಮಗಳು ಒಳಗಿನಿಂದ ಒಂದು ದಪ್ಪ ಲಕೋಟೆ ತಂದಳು. ಇದನ್ನು ನೋಡಿ ಆಂಟಿ, ಕೊನೆಕೊನೆಗೆ ಅವರ ಕೈ ಎಷ್ಟು ಹಾಳಾಗಿತ್ತು ಎಂದು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ನಡುಗುವ ಗೆರೆಗಳು, ಎಲ್ಲೆಲ್ಲೋ ಹೋಗಿ ಸೇರುವ ಹಗ್ಗಗಳು, ಅದರ ಮೇಲೆಲ್ಲ ಕೆಂಪು ಪೆನ್ಸಿಲಿನ ತಿದ್ದುಪಡಿ. ತಮ್ಮನ್ನು ತಾವೇ ತಿದ್ದಿಕೊಂಡು ತಿದ್ದಿಕೊಂಡು ಒದ್ದಾಡಿದ್ದಾರೆ, ಪಾಪ ಎಂದಳು. ಪ್ರತಿ ಹಾಳೆಯ ನೆತ್ತಿಯ ಮೇಲೂ ಶ್ರೀ ಇತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ನನಗೆ ಬೇರೆ ದಾರಿ ಇರಲಿಲ್ಲ ಎಂದು ಬರೆದರೆ ಸುಳ್ಳು. ಇತ್ತು. ಹೌದಮ್ಮ, ಪಾಪ ಎಂದು ಲಕೋಟೆಗೆ ಹಾಕಿ ಕೊಟ್ಟಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ನಾನು ಹನ್ನೊಂದೂವರೆಗೆ ಮನೆಯಲ್ಲಿರುತ್ತಿದ್ದೆ. ಆದರೆ ಆ ಕೆಟ್ಟ ಗೆರೆಗಳನ್ನು ಅವಳು ಬೆರಳಿನಿಂದ ಸವರುತ್ತಿದ್ದಳು. ನೋಡಲಾಗಲಿಲ್ಲ. ಇವು ನಿನ್ನ ಅಪ್ಪನವಲ್ಲ, ನನ್ನವು ಎಂದೆ. ನಂಬಲಿಲ್ಲ. ಪರ್ಸಿನಿಂದ ಅಂಗಡಿ ಚೀಟಿ ತೆಗೆದು ಪಕ್ಕದಲ್ಲಿಟ್ಟು ಶ್ರೀ ತೋರಿಸಿದೆ. ಆಮೇಲೆ ನೀರಿನ ಬಟ್ಟಲಿನಿಂದ ಹಿಡಿದು ವರ್ಕ್‌ಶಾಪಿನ ಹಾಳೆಯಲ್ಲಿ ಅವರು ಹಾಕಿದ ಎರಡು ಅಕ್ಷರದವರೆಗೆ ಎಲ್ಲ ಹೇಳಿದೆ. ಹಾಗಾದರೆ ಅವರ ಕಣ್ಣು, ಕೈ ಎಂದು ಕೇಳಿದಳು, ಕೊನೆಗೆ.

"ಸರಿಯಾಗಿತ್ತಮ್ಮ," ಎಂದೆ. "ಅವರ ಕೈಗೆ ಏನೂ ಆಗಿರಲಿಲ್ಲ."

ನಿಮ್ಮ ಆಫೀಸಿಗೆ ಗೊತ್ತೇ ಎಂದಳು. ಇಲ್ಲ, ನಾಳೆ ಹೇಳುತ್ತೇನೆ ಎಂದೆ. ಹೇಳಲೇಬೇಕು, ಈಗ ಅವಳಿಗೆ ಗೊತ್ತಾಗಿದೆ. ಅವಳು ಸಿಟ್ಟಿನಲ್ಲಿ ಏನಾದರೂ ಅಂದಿದ್ದರೆ ಹಗುರವಾಗುತ್ತಿದ್ದೆನೇನೋ. ಹಾಳೆಗಳನ್ನು ಒಂದೊಂದಾಗಿ ಜೋಡಿಸುತ್ತಾ, ನನಗೆ ಹೇಳಿದ್ದರೆ ನಾನು ಅವತ್ತೇ ನಿಮ್ಮ ಯಜಮಾನಿಗೆ ಫೋನ್ ಮಾಡುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು ಎಂದಳು. ಎಷ್ಟು ಕರೆದರೂ ಕಣ್ಣಿನ ಡಾಕ್ಟರ ಹತ್ತಿರ ಬರಲಿಲ್ಲವಂತೆ. ಬರಲಿಲ್ಲವೆಂದೇ ಇವಳಿಗೆ ಹೆದರಿಕೆ ಹೆಚ್ಚಾಗಿ ಕಾರಿನ ಕೀ ತೆಗೆದುಕೊಂಡು ಹೋಗಿದ್ದಾಳೆ. ಅವರು ಜಗಳವಾಡಲಿಲ್ಲವಂತೆ, ಕೊಕ್ಕೆಯಿಂದ ತೆಗೆದು ಅವರೇ ಕೈಗೆ ಕೊಟ್ಟರಂತೆ. ಆರು ವರ್ಷ ಕೀ ಇವಳ ಅಡಿಗೆಮನೆಯ ಡ್ರಾಯರಿನಲ್ಲಿತ್ತು.

ಒಂದೇ ಒಂದು ಸಲ ಕೇಳಿದ್ದರು ಎಂದಳು. ಒಂದು ಭಾನುವಾರ ಅವಳ ಮನೆಗೆ ಬಂದಿದ್ದಾಗ, ಬಾಗಿಲಲ್ಲಿ ಶೂ ಹಾಕಿಕೊಂಡು ನಿಂತು, ಕೀ ಕೊಡು, ನೀರಿನವರೆಗೆ ಹೋಗಿ ಗಾಳಿ ನೋಡಿ ಬರುತ್ತೇನೆ ಎಂದರಂತೆ. ಅಪ್ಪಾ, ನಿಮಗೆ ಕಣ್ಣು ಕಾಣುವುದಿಲ್ಲವಲ್ಲ ಎಂದು ಇವಳು ನೆನಪಿಸಿದ್ದಾಳೆ. ಹೌದಲ್ಲ, ಮರೆತೇ ಹೋಗಿತ್ತು ಎಂದು ಶೂ ಬಿಚ್ಚಿಟ್ಟು ಒಳಗೆ ಬಂದು ಕೂತರಂತೆ.